ಸುಮತಿಯ ಬದಲು ನಾನು ಕೊಟ್ಟ ಉತ್ತರ

ಕಳೆದ ವಾರ ಮಂಜೇಶ್ವರ ರೈಲ್ವೇ ಸ್ಟೇಷನ್ನಿನಿಂದ ಒಳದಾರಿಯಲ್ಲಿ ಮನೆಗೆ ನಡೆದು ಬರುತ್ತಿದ್ದಾಗ ಯಾರದೋ ಜಗಲಿಯಿಂದ ನೆನೆಸಿದ ಬೀಡಿ ಎಲೆಯ ವಾಸನೆ ಬಂತು. ಗೋಣಿಯಲ್ಲಿ ಸುತ್ತಿಟ್ಟ ಒದ್ದೆ ಎಲೆ, ಅದರ ಜೊತೆ ಹೊಗೆಸೊಪ್ಪಿನ ಘಾಟು. ಈಗ ಬೀಡಿ ಕಟ್ಟುವವರು ಕಡಿಮೆಯಾದ್ದರಿಂದ ಈ ವಾಸನೆಯೂ ಅಪರೂಪ. ನಾನು ದಾರಿಯ ಬದಿಯಲ್ಲಿ ನಿಂತುಬಿಟ್ಟೆ. ಏರು ಹತ್ತಿ ಮುದುಕನಿಗೆ ದಣಿವಾಗಿದೆ ಎಂದು ನೋಡಿದವರು ಅಂದುಕೊಂಡಿರಬಹುದು. ಅದು ದಣಿವಲ್ಲ. ಆ ವಾಸನೆ ನನ್ನನ್ನು ಎರಡು ವರ್ಷ ಹಿಂದಿನ ಆಟಿ ತಿಂಗಳಿಗೆ ಕೊಂಡುಹೋಗಿತ್ತು. ಆ ಮಳೆಗಾಲದಲ್ಲಿ ನಾನು ಮಾಡಿದ್ದನ್ನು ಯಾರ ಮುಂದೆಯೂ ಪೂರ್ತಿಯಾಗಿ ಹೇಳಿಲ್ಲ. ಹೇಳಬೇಕಾಗಿದ್ದವಳಿಗೆ ನಾನು ಬಾಯಿ ಬಿಡುವ ಮೊದಲೇ ಗೊತ್ತಾಗಿ ಹೋಯಿತು. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಸುಮತಿ ನನ್ನ ತಂಗಿ. ಗಂಡ ತೀರಿಕೊಂಡ ಮೇಲೆ ಬೀಡಿ ಕಟ್ಟಿಯೇ ಮಗಳು ಪ್ರಮೀಳಾಳನ್ನು ಡಿಗ್ರಿಯವರೆಗೆ ಓದಿಸಿದವಳು. ಪ್ರಮೀಳಾ ಈಗ ಕಾಸರಗೋಡಿನ ವಿದ್ಯಾನಗರದ ಸರಕಾರಿ ಆಫೀಸಿನಲ್ಲಿ ಕ್ಲಾರ್ಕು. ನಾನು ಹತ್ತನೆಯ ತರಗತಿ ಪಾಸು ಮಾಡಿ ಉಪ್ಪಳದಲ್ಲಿ ಸೈಕಲ್ ರಿಪೇರಿಯ ಅಂಗಡಿ ಇಟ್ಟಿದ್ದವನು. ಮಕ್ಕಳಿಲ್ಲ. ಹೆಂಡತಿ ಹೋದ ಮೇಲೆ ಅಂಗಡಿ ಮುಚ್ಚಿ ತಂಗಿಯ ಮನೆಗೆ ಬಂದು ಕುಳಿತೆ. ನಮ್ಮದು ಅಳಿಯಸಂತಾನದ ಕುಟುಂಬ. ಮನೆ ಹೆಂಗಸರದ್ದು, ಹೊರಗಿನವರೊಡನೆ ಆಡುವ ಮಾತು ಸೋದರಮಾವನದ್ದು. ಹಾಗೆ ಸುಮತಿಯ ಮನೆಯಲ್ಲಿ ಅನ್ನ ಅವಳದು, ಜಗಲಿಯ ಕುರ್ಚಿ ನನ್ನದು. ಪಂಚಾಯತಿನವರು ಬಂದರೂ ಕರೆಂಟಿನವರು ಬಂದರೂ ಉತ್ತರ ಕೊಡುವವನು ನಾನು. ಅದರಲ್ಲಿ ತಪ್ಪೇನಾದರೂ ಇದೆಯೆಂದು ಅವಳಿಗೂ ಅನ್ನಿಸಿರಲಿಲ್ಲ, ನನಗಂತೂ ಇಲ್ಲವೇ ಇಲ್ಲ.

ಆ ವರ್ಷ ಆಟಿ ಅಮಾವಾಸ್ಯೆಗೆ ಎಂದಿನಂತೆ ಪಾಲೆ ಮರದ ತೊಗಟೆಯ ಕಷಾಯ ಕುಡಿದೆವು. ಮರುದಿನದಿಂದ ಸುಮತಿಗೆ ಬಲಪಕ್ಕೆಯ ಕೆಳಗೆ ನೋವು. ಕಷಾಯ ಉಷ್ಣವಾಯಿತೆಂದು ಮೆಂತೆ ಗಂಜಿ ಮಾಡಿ ಕುಡಿದಳು. ನೋವು ನಿಲ್ಲಲಿಲ್ಲ. ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟುವವಳು ಆಗಾಗ ಬಲಗೈಯನ್ನು ಪಕ್ಕೆಗೆ ಒತ್ತಿಕೊಳ್ಳುವುದನ್ನು ನಾನು ಕುರ್ಚಿಯಲ್ಲಿ ಕುಳಿತೇ ನೋಡುತ್ತಿದ್ದೆ. ಕಾಸರಗೋಡಿನಲ್ಲಿ ಹೊಟ್ಟೆಯ ಸ್ಕ್ಯಾನ್ ಮಾಡಿಸಿದಾಗ ಲಿವರಿನಲ್ಲಿ ಗಡ್ಡೆ ಕಂಡಿತು. ಎಂದೋ ಬಂದು ಹೋದ ಕಾಮಾಲೆಯ ವಿಷಾಣು ಇಷ್ಟು ವರ್ಷ ಒಳಗೇ ಇತ್ತಂತೆ. ಅಲ್ಲಿಂದ ಮಂಗಳೂರಿಗೆ ಕಳಿಸಿದರು.

ಮಂಗಳೂರಿನ ಸರ್ಜನ್ ನಿಧಾನವಾಗಿ ಮಾತಾಡುವ ಮನುಷ್ಯ. ಕತ್ತಿ ಹಿಡಿಯುವ ಮೊದಲು ಎಂಆರ್‌ಐ ಬೇಕೆಂದರು. ಕೈಗೆ ಮದ್ದು ಚುಚ್ಚಿ, ಆ ಮದ್ದು ಲಿವರಿನಲ್ಲಿ ಹರಡಿ ಇಳಿದುಹೋಗುವುದನ್ನು ಹಂತಹಂತವಾಗಿ ಚಿತ್ರ ತೆಗೆಯುತ್ತಾರೆ. ಪ್ರತಿ ಚಿತ್ರಕ್ಕೂ ಉಸಿರು ಬಿಗಿಹಿಡಿಯಬೇಕು, ಅಲುಗಾಡಿದರೆ ಮಸುಕಾಗುತ್ತದೆ. ಇದನ್ನು ಪ್ರಮೀಳಾ ವಿವರಿಸಿ ಹೇಳಿದ್ದೇ ತಡ, ಸುಮತಿ ಬೀಡಿ ಕಟ್ಟುತ್ತಲೇ ಉಸಿರು ಹಿಡಿಯುವ ಅಭ್ಯಾಸ ಶುರು ಮಾಡಿದಳು. ಒಂದು ಎಲೆ ಸುರುಳಿ ಮಾಡಿ ನೂಲು ಸುತ್ತುವವರೆಗೆ ಉಸಿರು ಬಿಡುತ್ತಿರಲಿಲ್ಲ. ಹೊರಗೆ ಮಳೆ ಸುರಿಯುತ್ತಿತ್ತು. ಅವಳು ಉಸಿರು ಹಿಡಿದಾಗ ಕುರ್ಚಿಯಲ್ಲಿದ್ದ ನಾನೂ ಹಿಡಿಯುತ್ತಿದ್ದೆ. ಅವಳು ಬಿಟ್ಟ ಮೇಲೂ ನನಗೆ ಬಿಡಲು ಹೆದರಿಕೆ.

ಎಂಆರ್‌ಐಯ ದಿನ ಮೂಗುತಿ ತೆಗೆಯಬೇಕೆಂದು ಸಿಸ್ಟರ್ ಹೇಳಿದರು. ಸಣ್ಣವಳಿದ್ದಾಗ ಹಾಕಿಸಿಕೊಂಡದ್ದು, ಅದರ ತಿರುಪು ಮೂಗಿಗೇ ಅಂಟಿಹೋಗಿತ್ತು. ಸಾಬೂನು ಹಾಕಿ, ಎಣ್ಣೆ ಹಾಕಿ, ಕಡೆಗೆ ಸಿಸ್ಟರ್ ಒಬ್ಬರು ಮಗ್ಗುಲಲ್ಲಿ ಕುಳಿತು ಬಿಡಿಸಿದರು. "ಇದಿಲ್ಲದಿದ್ರೆ ನಿಮ್ಮ ಮಿಷನಿಗೆ ನನ್ನ ಗುರುತು ಸಿಗುವುದುಂಟಾ?" ಎಂದು ಸುಮತಿ ಅವರನ್ನು ನಗಿಸಿದಳು. ಮೂಗುತಿ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಬಾಗಿಲು ಮುಚ್ಚಿದರೂ ಯಂತ್ರ ಬಡಿಯುವ ಸದ್ದು ಕೇಳಿಸುತ್ತಿತ್ತು, ಕಲ್ಲು ಕೋರೆಯಲ್ಲಿ ಯಾರೋ ಒಂದೇ ಸಮನೆ ಕಡಿಯುವ ಹಾಗೆ. ನಾನು ಅಂಗೈಯನ್ನು ಗಟ್ಟಿಯಾಗಿ ಮುಚ್ಚಿಕೊಂಡು ಕುಳಿತಿದ್ದೆ.

ಚಿತ್ರದ ಫಲ ಕೇಳಲು ಹೋದ ದಿನವೇ ನನ್ನ ತಪ್ಪು ಶುರುವಾದದ್ದು. ನಾನು ಮೊದಲೇ ಕೌಂಟರಿನ ಸಿಸ್ಟರಿಗೆ ಗುಟ್ಟಾಗಿ ಹೇಳಿದ್ದೆ, ಪೇಷಂಟನ್ನು ಕರೆಯಬೇಡಿ, ನಮ್ಮನ್ನು ಮಾತ್ರ ಕರೆಯಿರಿ ಎಂದು. ನಮ್ಮ ಕಡೆ ಹಾಗೆ ಹೇಳದ ಮನೆಯವರೇ ಇಲ್ಲ. ಸುಮತಿ ಹೊರಗೆ ಬೆಂಚಿನಲ್ಲಿ ಕುಳಿತಳು. ನಾನೂ ಪ್ರಮೀಳಾಳೂ ಒಳಗೆ ಹೋದೆವು.

ಸರ್ಜನ್ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದರು. ಬೂದು ಬಣ್ಣದ ಲಿವರು, ಅದರಲ್ಲಿ ಲಿಂಬೆಹಣ್ಣಿನಷ್ಟು ಗಡ್ಡೆ.

"ಒಂದೇ ಗಡ್ಡೆ, ಅದು ಒಳ್ಳೆಯದು. ಆದ್ರೆ ಅಂಚು ನೋಡಿ, ನಯವಾಗಿಲ್ಲ. ಸುತ್ತ ಈ ಮಬ್ಬು ಉಂಟಲ್ಲ, ಅದು ನನಗೆ ಸರಿ ಕಾಣುವುದಿಲ್ಲ."

ಆಮೇಲೆ ಅವರು ವಿವರಿಸಿದ್ದನ್ನು ನಾನು ಇಂದಿಗೂ ಮರೆತಿಲ್ಲ, ಮರೆತಿದ್ದರೆ ಚೆನ್ನಾಗಿತ್ತು. ಕ್ಯಾನ್ಸರ್ ಗಡ್ಡೆಯ ಕಣಗಳು ಕೂದಲೆಳೆಗಿಂತ ಸಣ್ಣ ರಕ್ತನಾಳಗಳಿಗೆ ನುಗ್ಗಿರುವುದುಂಟು. ಅದು ಯಾವ ಸ್ಕ್ಯಾನಿನಲ್ಲೂ ನೇರವಾಗಿ ಕಾಣುವುದಿಲ್ಲ. ಕತ್ತರಿಸಿ ತೆಗೆದ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಾತ್ರ ಖಚಿತ. ಆದರೆ ಈಗೀಗ ಅಂಚಿನ ಆಕಾರ, ಮಬ್ಬು, ಮದ್ದು ಹರಡುವ ರೀತಿ ಇವನ್ನೆಲ್ಲ ಕಂಪ್ಯೂಟರಿನಲ್ಲಿ ಅಳೆದು ಆಪರೇಷನ್ನಿಗೆ ಮೊದಲೇ ಅಂದಾಜು ಮಾಡಲು ಬರುತ್ತದೆ. ಸುಮತಿಯ ಚಿತ್ರದಲ್ಲಿ ಕಣಗಳು ನುಗ್ಗಿರುವ ಸಾಧ್ಯತೆಯೇ ಹೆಚ್ಚು. ಹಾಗಿದ್ದರೆ ಗಡ್ಡೆಯ ಸುತ್ತ ಅಗಲವಾಗಿ ಲಿವರನ್ನು ತೆಗೆಯುವುದು ಒಳ್ಳೆಯದು. ಆದರೆ ಅವಳ ಲಿವರು ಮೊದಲೇ ಸೋತಿದೆ. ಅಗಲವಾಗಿ ತೆಗೆದರೆ ಉಳಿದದ್ದು ಕೆಲಸ ಮಾಡದೆ ಹೋಗುವ ಅಪಾಯವುಂಟು, ಟೇಬಲಿನ ಮೇಲೂ ಆಮೇಲಿನ ವಾರಗಳಲ್ಲೂ. ಗಡ್ಡೆಯನ್ನಷ್ಟೇ ಸಣ್ಣದಾಗಿ ತೆಗೆದರೆ ಈಗಿನ ಅಪಾಯ ಕಡಿಮೆ, ಮುಂದೆ ಮರಳಿ ಬರುವ ಭಯ ಹೆಚ್ಚು.

"ಎರಡರಲ್ಲಿ ಯಾವುದಾದ್ರೂ ನಾನು ಮಾಡ್ತೇನೆ. ಆದ್ರೆ ಇದು ಅವರಲ್ಲೇ ಕೇಳ್ಬೇಕಾದ ವಿಷಯ."

ಪ್ರಮೀಳಾ ಎದ್ದು ಅಮ್ಮನನ್ನು ಕರೆಯಲು ಹೊರಟಳು. ನಾನು ಅವಳ ಕೈ ಹಿಡಿದೆ. ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ ಎಂದು ಡಾಕ್ಟರಿಗೆ ಹೇಳಿದೆ. ಹೊರಗೆ ಬರುವಾಗ ಪ್ರಮೀಳಾಳ ಕಣ್ಣಲ್ಲಿ ನೀರಿತ್ತು. ನೀನು ಅವಳ ಮುಂದೆ ಹೀಗೆ ನಿಂತರೆ ಅರ್ಧ ಜೀವ ಇಲ್ಲೇ ಹೋಗುತ್ತದೆ, ಹೇಳುವ ಕೆಲಸ ನನಗೆ ಬಿಡು ಎಂದೆ. ಮಾವನ ಮಾತು. ಅವಳು ಮುಖ ಒರೆಸಿಕೊಂಡಳು.

ಇಲ್ಲಿ ನನ್ನ ತಲೆ ಹೇಗೆ ಓಡಿತೆಂದು ಹೇಳಬೇಕು. ನಮ್ಮ ಊರಿನಲ್ಲಿ ಬಾವಿ ತೋಡಲಿಕ್ಕೂ ಮದುವೆ ಕೂಡಿಸಲಿಕ್ಕೂ ಜೋಯಿಸರಲ್ಲಿ ಪ್ರಶ್ನೆ ಇಡಿಸುತ್ತಾರೆ. ಅವರು ಕವಡೆ ಸರಿಸಿ, ಮುಂದೆ ಹೀಗಾಗಬಹುದು ಎನ್ನುತ್ತಾರೆ. ಕಂಡ ಫಲ ಮನಸ್ಸಿಗೆ ಹಿಡಿಸದಿದ್ದರೆ ಇನ್ನೊಂದು ಕಡೆ ಇಡಿಸುವುದೂ ಉಂಟು. ಈ ಮನೆಗೆ ಬಾವಿ ತೋಡುವಾಗ ಹತ್ತಿರದ ಜೋಯಿಸರು ಆ ಮೂಲೆ ಬೇಡವೆಂದಾಗ ನಾನು ಕಾರಡ್ಕದವರೆಗೆ ಹೋಗಿ ಬೇರೆಯವರ ಬಾಯಿಂದ ಆಗಬಹುದೆಂದು ಹೇಳಿಸಿಕೊಂಡು ಬಂದವನು. ನೀರು ಸಿಕ್ಕಿತು, ನನ್ನ ಮಾತು ಗೆದ್ದಿತು. ಸರ್ಜನ್ 'ಅಂದಾಜು' ಎಂದಾಗ ನನ್ನ ಕಿವಿಗೆ ಬಿದ್ದದ್ದು ಆ ಬಗೆಯ ಒಂದು ಫಲ. ಒಬ್ಬರು ಕೆಟ್ಟದ್ದು ಕಂಡರೆ ಇನ್ನೊಬ್ಬರು ಒಳ್ಳೆಯದು ಕಾಣಬಾರದೇಕೆ?

ಮರುದಿನ ಯಾರಿಗೂ ಹೇಳದೆ ಎಂಆರ್‌ಐಯ ಸಿಡಿ ಹಿಡಿದುಕೊಂಡು ಕಾಸರಗೋಡಿಗೆ ಹೋದೆ. ಅಲ್ಲಿ ಒಂದು ಸ್ಕ್ಯಾನಿಂಗ್ ಸೆಂಟರಿನ ಡಾಕ್ಟರ ತಂದೆ ನನ್ನ ಅಂಗಡಿಯ ಹಳೆಯ ಗಿರಾಕಿ. ಡಾಕ್ಟರು ಊಟಕ್ಕೆ ಎದ್ದವರು ನನ್ನ ಮುಖ ನೋಡಿ ಮತ್ತೆ ಕುಳಿತರು. ಚಿತ್ರಗಳನ್ನು ಹಿಂದೆ ಮುಂದೆ ಓಡಿಸಿ ನೋಡಿ, ರಕ್ತನಾಳದೊಳಗೆ ತನಗೆ ಏನೂ ಕಾಣುವುದಿಲ್ಲ ಎಂದರು. ಅಷ್ಟು ಸಣ್ಣದು ಯಾರಿಗೂ ಕಾಣುವುದಿಲ್ಲ, ನಿಮ್ಮ ಸರ್ಜನ್ ಅಂದಾಜು ಮಾಡಿದ್ದಕ್ಕೆ ಕಾರಣ ಉಂಟು, ಅವರ ಮಾತು ಬಿಡಬೇಡಿ ಎಂದೂ ಹೇಳಿದರು. ಅಷ್ಟರಲ್ಲಿ ನಾನು ಸಿಡಿಯನ್ನು ಕವರಿಗೆ ಹಾಕಿಯಾಗಿತ್ತು. ಏನೂ ಕಾಣುವುದಿಲ್ಲ ಎಂಬ ಮಾತಿಗಾಗಿ ಹೋಗಿದ್ದೆ, ಅದು ಸಿಕ್ಕಿತು. ಬಸ್ ಸ್ಟ್ಯಾಂಡಿನಲ್ಲಿ ಚಾ ಕುಡಿದೆ. ಎಷ್ಟೋ ದಿನಗಳ ಮೇಲೆ ರುಚಿಯಾಯಿತು.

ಆ ಸಂಜೆ ಸುಮತಿ ಎಲೆ ಕತ್ತರಿಸುತ್ತ ಕುಳಿತಿದ್ದಳು. ನಾನು ಕುರ್ಚಿ ಬಿಟ್ಟು ಅವಳ ಎದುರು ಚಾಪೆಯಲ್ಲಿ ಕುಳಿತೆ. ಅದನ್ನು ಕಂಡೇ ಅವಳಿಗೆ ಹೆದರಿಕೆಯಾಗಿರಬೇಕು. ಕತ್ತರಿ ಕೆಳಗಿಟ್ಟಳು.

"ಸಣ್ಣ ಗಡ್ಡೆ. ಅದನ್ನು ತೆಗೆದ್ರೆ ಮುಗೀತು," ಎಂದೆ.

"ಮತ್ತೆ ಬರುವುದಿಲ್ವಾ?"

"ಎಂತಕ್ಕೆ ಬರುವುದು ಮಾರಾಯ್ತಿ?"

ಅವಳು ಕತ್ತರಿಸಿದ ಎಲೆಗಳನ್ನು ಒಟ್ಟುಮಾಡಿ ಮೊರದ ಬದಿಗೆ ಸರಿಸಿದಳು. ಆಮೇಲೆ ಹೇಳಿದಳು: "ಎಂತ ಮಾಡುವುದಿದ್ರೂ ಒಮ್ಮೆಗೇ ಮಾಡಿ ಮುಗಿಸ್ಲಿ ಅಣ್ಣ. ಜೀವ ಹೋದ್ರೆ ಹೋಗ್ಲಿ. ಮತ್ತೆ ಮತ್ತೆ ಹೋಗಿ ಮಲಗ್ಲಿಕ್ಕೆ ನನ್ನಿಂದಾಗ್ಲಿಕ್ಕಿಲ್ಲ."

ನಾನು ಯಾವ ಪ್ರಶ್ನೆಯನ್ನೂ ಕೇಳಿರಲಿಲ್ಲ. ಆದರೂ ಅವಳು ಉತ್ತರ ಕೊಟ್ಟಳು. ಸರ್ಜನ್ ಕೇಳಬೇಕೆಂದಿದ್ದ ಪ್ರಶ್ನೆಗೆ ಅದಕ್ಕಿಂತ ಸ್ಪಷ್ಟವಾದ ಉತ್ತರ ಇನ್ನೇನಿದೆ? ಅಗಲವಾಗಿ ತೆಗೆಯಿರಿ ಎಂದು ಅವಳು ಹೇಳಿದ ಹಾಗೆಯೇ ಆಯಿತು. ನನಗದು ಅರ್ಥವಾಯಿತು. ಅರ್ಥವಾಗಲಿಲ್ಲವೆಂದು ಬರೆದರೆ ಈ ಬರಹಕ್ಕೆ ಬೆಲೆಯಿಲ್ಲ.

ಹೀಗಿದ್ದೂ ಎರಡು ದಿನ ಬಿಟ್ಟು ಮಂಗಳೂರಿಗೆ ಫೋನ್ ಮಾಡಿ, ತಂಗಿಯಲ್ಲಿ ಎಲ್ಲ ಮಾತಾಡಿದೆವು, ಸಣ್ಣದಾಗಿ ತೆಗೆದರೆ ಸಾಕೆನ್ನುತ್ತಾಳೆ ಎಂದು ಹೇಳಿದೆ. ಪ್ರಮೀಳಾ ಸಂಜೆ ಬಂದು, ಅಮ್ಮನಿಗೆ ಹೇಳಿದಿರಾ ಎಂದು ಕೇಳಿದಳು. ಹೇಳಿದೆ, ಸಣ್ಣದೇ ಸಾಕಂತೆ ಎಂದೆ. ಆ ವಿಷಯ ಅವಳ ಮುಂದೆ ಮತ್ತೆ ತೆಗೆಯಬೇಡ, ಮನಸ್ಸು ಗಟ್ಟಿ ಮಾಡಿಕೊಂಡಿದ್ದಾಳೆ ಎಂದೂ ಸೇರಿಸಿದೆ.

ಯಾಕೆ ಹಾಗೆ ಮಾಡಿದೆ? ಹಣ ಕಾರಣವಾಗಿರಲಿಲ್ಲ. ತಂಗಿಯ ಮೇಲಿನ ಪ್ರೀತಿ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಪ್ರೀತಿ ಇತ್ತು. ಆದರೆ ಅದರ ಅಡಿಯಲ್ಲಿ ಇನ್ನೊಂದಿತ್ತು. ಅವಳು ಟೇಬಲಿನ ಮೇಲೆಯೇ ಹೋದರೆ ಆ ದಿನ ಆಸ್ಪತ್ರೆಯ ವರಾಂಡದಲ್ಲಿ ನಿಂತಿರಬೇಕಾದವನು ನಾನು. ಆಮೇಲೆ ಬರುವುದು ಆಮೇಲೆ ಬರಲಿ, ಆ ಒಂದು ದಿನ ದಾಟಿದರೆ ಸಾಕೆಂದು ನನಗೆ ಅನ್ನಿಸಿತ್ತು. ಅವಳಿಲ್ಲದ ಮನೆಯಲ್ಲಿ ನನಗೆ ಅನ್ನ ಹಾಕುವವರು ಯಾರು ಎಂಬ ಯೋಚನೆಯೂ ಬಂದಿತ್ತು. ನನ್ನ ಹೆದರಿಕೆಯನ್ನು ಕಳೆದುಕೊಳ್ಳಲಿಕ್ಕೆ ಅವಳ ಮುಂದಿನ ವರ್ಷಗಳನ್ನು ತೆಗೆದು ಕೊಟ್ಟೆ.

ಆಟಿ ಕಳೆದು ಸೋಣ ತಿಂಗಳಲ್ಲಿ ಆಪರೇಷನ್ ಆಯಿತು. ಅದರ ಹಿಂದಿನ ದಿನ ಸರ್ಜನ್ ವಾರ್ಡಿಗೆ ಬಂದು, ಅಣ್ಣ ಎಲ್ಲ ವಿವರಿಸಿದ್ದಾರಲ್ಲ ಎಂದು ಸುಮತಿಯನ್ನೇ ಕೇಳಿದರು. ನಾನು ಮಂಚದ ಕಾಲಬದಿಯಲ್ಲಿ ನಿಂತಿದ್ದೆ. ಅವಳು ನನ್ನ ಕಡೆ ನೋಡಿ, ಅಣ್ಣ ಹೇಳಿದ ಹಾಗೆಯೇ ಮಾಡಿ ಎಂದು ನಕ್ಕಳು. ಸಣ್ಣ ಗಡ್ಡೆ ತೆಗೆದರೆ ಮುಗಿಯಿತು ಎಂಬುದಷ್ಟೇ ಅವಳಿಗೆ ಗೊತ್ತಿದ್ದ ವಿವರ. ಆ ನಗು ಕಂಡಾಗಲೂ ನಾನು ಬಾಯಿ ತೆರೆಯಲಿಲ್ಲ.

ಆಪರೇಷನ್ ಸುಸೂತ್ರವಾಯಿತು. ಸುಮತಿ ಬೇಗ ಎದ್ದು ನಡೆದಳು, ಗಂಜಿ ಕುಡಿದಳು. ನಾನು ಆಸ್ಪತ್ರೆಯವರಿಗೆಲ್ಲ ಕೈ ಮುಗಿದೆ. ಹೊಲಿಗೆ ಬಿಚ್ಚುವ ದಿನ ಸರ್ಜನ್ ನನ್ನನ್ನು ಪಕ್ಕಕ್ಕೆ ಕರೆದು ಲ್ಯಾಬಿನ ವರದಿ ಬಂದಿದೆಯೆಂದರು. ಸಣ್ಣ ರಕ್ತನಾಳಗಳಲ್ಲಿ ಕಣಗಳು ಇದ್ದವು. ಚಿತ್ರ ನೋಡಿ ಮಾಡಿದ ಅಂದಾಜು ಸರಿಯಾಗಿತ್ತು. ಇನ್ನು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ತಪ್ಪಿಸುವಂತಿಲ್ಲ.

ಆ ದಿನದಿಂದ ನನ್ನ ವರ್ಷವೆಂದರೆ ಸ್ಕ್ಯಾನಿನಿಂದ ಸ್ಕ್ಯಾನಿಗೆ. ಸುಮತಿ ತೆಂಗಿನಕಾಯಿ ತುರಿಯುತ್ತ ಒಮ್ಮೆ ಸೊಂಟ ಹಿಡಿದರೂ ನಾನು ಕುರ್ಚಿಯಿಂದ ಏಳುತ್ತಿದ್ದೆ. ಎರಡು ತುತ್ತು ಕಡಿಮೆ ಉಂಡಳೆಂದರೆ ಅವಳ ಬಟ್ಟಲನ್ನೇ ನೋಡುತ್ತ ಕುಳಿತಿರುತ್ತಿದ್ದೆ. ಕಣ್ಣು ಹಳದಿಯಾಗಿದೆಯೇ ಎಂದು ನೆಪ ಮಾಡಿ ಅಂಗಳದ ಬೆಳಕಿಗೆ ಕರೆಯುತ್ತಿದ್ದೆ. "ಮುಗೀತು ಹೇಳಿದ್ದು ನೀನೇ, ಈಗ ನನ್ನ ಹಿಂದೆ ಹಿಂದೆ ತಿರುಗುವುದೂ ನೀನೇ. ನಿನಗೆ ಬೇರೆ ಕೆಲಸ ಇಲ್ವಾ?" ಎಂದು ಗದರಿಸುತ್ತಿದ್ದಳು. ದೀಪಾವಳಿ ಕಳೆದು ಆದ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಚಳಿ ಹಿಂದೆ ಸರಿದ ಮೇಲೆ ಮಾಡಿಸಿದ್ದರಲ್ಲೂ ಇರಲಿಲ್ಲ. ಪ್ರತಿ ಸಲವೂ ಈಗ ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಒಳ್ಳೆಯ ಫಲ ಬಂದಾಗ, ಸಂತೋಷದ ದಿನ ಯಾಕೆ ಎನ್ನಿಸುತ್ತಿತ್ತು.

ಮೂರನೆಯ ಸ್ಕ್ಯಾನ್ ಮಾಡಿಸುವಾಗ ನಮ್ಮ ಯುಗಾದಿಯಾದ ಬಿಸು ಹಬ್ಬ ಕಳೆದು ಬಿಸಿಲು ಏರಿತ್ತು. ಪ್ರಮೀಳಾಗೆ ಆಫೀಸಿನಲ್ಲಿ ರಜೆ ಸಿಗಲಿಲ್ಲ, ನಾವಿಬ್ಬರೇ ಹೋದೆವು. ಈ ಸಲ ಸಿಸ್ಟರ್ ಸುಮತಿಯ ಹೆಸರನ್ನೇ ಕರೆದರು. ತಡೆಯುವ ಮೊದಲೇ ಅವಳು ಎದ್ದು ಒಳಗೆ ನಡೆದಳು. ಹಿಂದಿನಿಂದ ನಾನು.

ಸರ್ಜನ್ ಪರದೆ ತೋರಿಸಿದರು. ಹಿಂದೆ ಕತ್ತರಿಸಿದ ಜಾಗದಿಂದ ಸ್ವಲ್ಪ ಆಚೆ ಬಟಾಣಿಯಷ್ಟು ಹೊಸ ಚುಕ್ಕೆ.

"ಇದು ಬರಬಹುದು ಅಂತ ನಮಗೆ ಆಗಲೇ ಹೆದರಿಕೆ ಇತ್ತು ಅಕ್ಕ. ಆದ್ರೆ ಅಗಲವಾಗಿ ತೆಗೆಯುವುದು ಬೇಡ ಅಂತ ನೀವು ಹೇಳಿದ್ದಲ್ವಾ?"

ಸುಮತಿ ಅವರನ್ನು ನೋಡಿದಳು. ಆಮೇಲೆ ನಿಧಾನವಾಗಿ ತಿರುಗಿ ನನ್ನನ್ನು ನೋಡಿದಳು. ನಾನು ಪರದೆಯ ಮೇಲಿನ ಚುಕ್ಕೆಯನ್ನೇ ನೋಡುತ್ತಿದ್ದೆ. ನನ್ನ ಹೆಸರು ಈಗ ಬರುತ್ತದೆ ಎಂದು ಕಾದೆ.

"ಹೌದು ಡಾಕ್ಟ್ರೇ, ನಾನೇ ಹೇಳಿದ್ದು," ಎಂದಳು ಸುಮತಿ.

ಡಾಕ್ಟರು ಮುಂದೆ ಏನು ಮಾಡಬಹುದೆಂದು ಶುರು ಮಾಡಿದರು. ಅಭ್ಯಾಸಬಲದಿಂದ ನಾನು, ಅದು ನಾವು ಮನೆಯಲ್ಲಿ... ಎಂದು ಬಾಯಿ ಹಾಕಿದೆ. ಸುಮತಿ ನನ್ನ ಮೊಣಕೈಯನ್ನು ಮುಟ್ಟಿದಳು. ಸ್ವರ ಏರಿಸಲಿಲ್ಲ.

"ನೀನು ಹೊರಗೆ ಕೂತುಕೋ ಅಣ್ಣ. ನಾನು ಕೇಳಿಕೊಂಡು ಬರ್ತೇನೆ."

ಇಷ್ಟು ವರ್ಷಗಳಲ್ಲಿ ಅವಳು ನನಗೆ ಕೂತುಕೋ, ಏಳು ಎಂದು ಹೇಳಿದವಳಲ್ಲ. ನಾನು ಎದ್ದು ಹೊರಗೆ ಬಂದೆ. ಬಾಗಿಲು ಮುಚ್ಚಿತು. ಬೆಂಚಿನಲ್ಲಿ ಕುಳಿತವರು ಸ್ವಲ್ಪ ಸರಿದು ನನಗೆ ಜಾಗ ಮಾಡಿದರು. ಒಳಗೆ ಅವಳ ಸ್ವರ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಅವಳು ಕೇಳುತ್ತಿದ್ದಳು, ಡಾಕ್ಟರು ಹೇಳುತ್ತಿದ್ದರು, ಅವಳು ಮತ್ತೆ ಕೇಳುತ್ತಿದ್ದಳು. ನನ್ನ ತಂಗಿಗೆ ಇಷ್ಟು ಪ್ರಶ್ನೆಗಳಿದ್ದವೆಂದು ನನಗೆ ಗೊತ್ತಿರಲಿಲ್ಲ.

ಮುಂದಿನದನ್ನು ಚುಟುಕಾಗಿ ಹೇಳುತ್ತೇನೆ. ಆ ಚುಕ್ಕೆಯನ್ನು ಸೂಜಿ ಹಾಕಿ ಸುಟ್ಟರು. ಸುಮತಿ ಬೀಡಿ ಕಟ್ಟುವುದನ್ನು ಬಿಟ್ಟಳು. ಪ್ರಮೀಳಾಗೆ ವಿಷಯ ತಿಳಿದಾಗ ಅವಳು ನನ್ನೊಡನೆ ಒಂದು ತಿಂಗಳು ಮಾತಾಡಲಿಲ್ಲ. ಈಗ ಆಡುತ್ತಾಳೆ, ಮೊದಲಿನ ಹಾಗಲ್ಲ. ಸ್ಕ್ಯಾನಿಗೆ ಈಗಲೂ ಜೊತೆಯಲ್ಲಿ ಹೋಗುತ್ತೇನೆ, ಬಾಗಿಲಿನವರೆಗೆ. ಮುಂದಿನದು ಬರುವ ವಾರ ಉಂಟು.

ಆದರೆ ಆ ದಿನ ಹಿಂದಿರುಗುವಾಗ ಬಸ್ಸಿನಲ್ಲಿ ನಡೆದದ್ದನ್ನು ಹೇಳದೆ ಮುಗಿಸಲಾರೆ. ಕಾಸರಗೋಡಿನ ಬಸ್ಸು. ಅವಳು ಕಿಟಕಿಯ ಬದಿಗೆ ಕುಳಿತಳು, ನಾನು ಪಕ್ಕದಲ್ಲಿ. ಬೈಯಲಿ ಎಂದು ಕಾದಿದ್ದೆ. ಬೈದಿದ್ದರೆ ತಲೆ ತಗ್ಗಿಸಿ ಕೇಳಿ ಹಗುರಾಗುತ್ತಿದ್ದೆನೋ ಏನೋ. ಬಸ್ಸು ನೇತ್ರಾವತಿ ಸೇತುವೆಗೆ ಬಂದಾಗ ಅವಳು ನನ್ನ ಕಡೆ ತಿರುಗಿ ಹೇಳತೊಡಗಿದಳು. ಚುಕ್ಕೆ ಎಲ್ಲಿದೆ, ಎಷ್ಟಿದೆ. ಸುಟ್ಟರೆ ಹೋಗಬಹುದು, ಬೇರೆ ಕಡೆ ಕಾಣದೆ ಇರುವುದು ಇನ್ನೂ ಇರಬಹುದು. ಸುಡುವಾಗ ರಕ್ತ ಸೋರುವ ಅಪಾಯ ಉಂಟು, ಲಿವರು ತಡೆದುಕೊಳ್ಳದೆಯೂ ಹೋಗಬಹುದು. ಏನೂ ಮಾಡದಿದ್ದರೆ ಹೇಗೆ, ಎಷ್ಟು ಕಾಲ, ಅದನ್ನೂ ಕೇಳಿದ್ದಳು. ಡಾಕ್ಟರು ಹೇಳಿದ್ದನ್ನು ಹೆಚ್ಚು ಮಾಡಲಿಲ್ಲ, ಕಡಿಮೆ ಮಾಡಲಿಲ್ಲ.

"ಮೊದಲೇ ಅಗಲವಾಗಿ ತೆಗೆದಿದ್ರೆ ಬರ್ತಿರಲಿಲ್ವಾ ಅಂತ ಕೇಳಿದೆ," ಎಂದಳು. "ಹೇಳ್ಲಿಕ್ಕೆ ಆಗುವುದಿಲ್ಲ ಅಂದ್ರು. ಆಗಲೂ ಬರಬಹುದಿತ್ತಂತೆ. ಬರದೆಯೂ ಇರಬಹುದಿತ್ತಂತೆ."

ನಾನು ಎದುರಿನ ಸೀಟಿನ ಕಂಬಿ ಹಿಡಿದುಕೊಂಡೆ.

"ಸುಡ್ಲಿಕ್ಕೆ ಹೇಳಿ ಬಂದಿದ್ದೇನೆ. ಇನ್ನು ನಿನಗೆಂತಾದ್ರೂ ಕೇಳ್ಲಿಕ್ಕುಂಟಾ?"

ಇಲ್ಲವೆಂದು ತಲೆಯಾಡಿಸಿದೆ. ಹೊರಗೆ ನೋಡಿದರೆ, ಸೇತುವೆಯಿಂದ ಅರ್ಧ ಗಂಟೆಯ ದಾರಿಯ ತಲಪಾಡಿಯ ಗಡಿಯನ್ನು ಬಸ್ಸು ಇನ್ನೂ ದಾಟಿರಲಿಲ್ಲ. ಎಲ್ಲವನ್ನೂ ಹೇಳಿ ಮುಗಿಸಲು ಅವಳಿಗೆ ಹಿಡಿದದ್ದು ಅಷ್ಟೇ ಹೊತ್ತು.